ಗೂಡಿನ ಪಕ್ಕ ಉಳಿದವರು

ಮುಂಬೈಯಲ್ಲಿ ಮಳೆಗಾಲ ಹಿಡಿದು ವಾರ ಕಳೆಯುವುದರೊಳಗೆ ಅಡುಗೆಮನೆಯ ಬಾಳೆಹಣ್ಣಿನ ಸುತ್ತ ಎಳ್ಳುಕಾಳಿನಷ್ಟು ದೊಡ್ಡ, ಕೆಂಪು ಕಣ್ಣಿನ ನೊಣಗಳು ಹಾರಾಡತೊಡಗುತ್ತವೆ. ಊರಲ್ಲಿ ನಾವು ಇದನ್ನು ನೊರಜು ಅನ್ನುತ್ತಿದ್ದೆವು. ವಿಜ್ಞಾನಿಗಳ ಬಾಯಲ್ಲಿ ಇದು ಡ್ರೊಸೋಫಿಲಾ. ನಮ್ಮ ಐರೋಲಿಯ ಮನೆಯಲ್ಲಿ ಎರಡು ವರ್ಷದಿಂದ ಈ ನೊಣದ ಸುದ್ದಿ ಬರದ ದಿನವಿಲ್ಲ. ನನ್ನ ತಮ್ಮನ ಮಗಳು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮುಗಿಸಿ, ಇಲ್ಲಿನ ಒಂದು ಪ್ರಯೋಗಾಲಯಕ್ಕೆ ಸೇರಿಕೊಂಡು ನಮ್ಮ ಜೊತೆಗಿದ್ದಾಳೆ. ಅಡುಗೆಮನೆಯ ನೊಣ ಅವಳ ಕೆಲಸಕ್ಕೆ ಬರುವುದಿಲ್ಲ. "ಇವು ಬೀದಿಯವು ದೊಡ್ಡಪ್ಪ, ನಮ್ಮವಕ್ಕೆ ವಂಶಾವಳಿ ಇದೆ" ಅನ್ನುತ್ತಾಳೆ. ಮೈಸೂರಿನಲ್ಲಿ ಆ ವಂಶಾವಳಿಗಳನ್ನು ತಲೆಮಾರುಗಟ್ಟಲೆ ಕಾಪಾಡುವ ಡ್ರೊಸೋಫಿಲಾ ಸ್ಟಾಕ್ ಸೆಂಟರ್ ಇದೆ. ಅಲ್ಲಿ ನೊಣಗಳಿಗೆ ರವೆ, ಬೆಲ್ಲ, ಅಗರ್ ಹಾಕಿ ಬೇಯಿಸಿದ ಆಹಾರ. ಕೇಳಿದವರಿಗೆ ಕೇಸರಿಬಾತಿನ ನೆನಪಾದರೆ ತಪ್ಪಿಲ್ಲ.

ನಾನು ಎಂಟೆಕ್ ಮಾಡಿ ಸಾಫ್ಟ್‌ವೇರಿಗೆ ಬಂದವನು. ಜೀವಶಾಸ್ತ್ರ ಪಿಯುಸಿಯಲ್ಲೇ ಕೈಬಿಟ್ಟಿತ್ತು. ಆದರೂ ಅವಳು ಊಟದ ಹೊತ್ತಿಗೆ ಹೇಳುವ ಒಂದು ವಿಷಯ ನನ್ನನ್ನು ಹಿಡಿದು ಕೂರಿಸಿದೆ. ಅದನ್ನು ಇಲ್ಲಿ ಬರೆಯಲು ಕಾರಣ, ಓದುವ ನಿಮ್ಮಲ್ಲಿ ಬಹಳ ಜನ ನನ್ನ ಹಾಗೆ ಮನೆಯಲ್ಲಿ ಒಬ್ಬರನ್ನು ಬಿಟ್ಟು ಬಂದವರು ಎಂಬುದು.

ಹೆಣ್ಣು ನೊಣದ ಹೊಟ್ಟೆಯ ಬಹುಭಾಗ ಅಂಡಾಶಯವೇ. ಎರಡು ಅಂಡಾಶಯ, ಒಂದೊಂದರಲ್ಲಿ ಹದಿನಾರರಿಂದ ಇಪ್ಪತ್ತು ಎಳೆಗಳು. ಅವಳ ಫೋನಿನಲ್ಲಿರುವ ಚಿತ್ರ ನೋಡಿದಾಗ ನನಗೆ ಹೊಳೆದದ್ದು ಅಡಿಕೆಯ ಹಿಂಗಾರ. ಎಳೆಯ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಕೋಶಗಳು, ಕೆಳಗೆ ಬಂದಂತೆ ದೊಡ್ಡದಾಗುವ ಮಣಿಗಳು, ಬುಡದಲ್ಲಿ ಪೂರ್ತಿ ಬಲಿತ ಮೊಟ್ಟೆ. ಇಡೀ ಎಳೆಗೆ ಮೂಲ ಆ ತುದಿಯಲ್ಲಿರುವ ಎರಡೋ ಮೂರೋ ಕೋಶಗಳು. ಇವೇ ಸ್ಟೆಮ್ ಸೆಲ್‌ಗಳು, ಕನ್ನಡದಲ್ಲಿ ಆಕರಕೋಶಗಳು. ಇವು ಒಡೆದು ಎರಡಾದಾಗ ಒಂದು ಆಕರಕೋಶವಾಗಿಯೇ ಉಳಿಯುತ್ತದೆ. ಇನ್ನೊಂದು ಹೊರಟುಹೋಗುತ್ತದೆ. ಹೊರಟದ್ದು ನಾಲ್ಕು ಸಲ ಒಡೆದು ಹದಿನಾರು ಕೋಶಗಳ ಗುಂಪಾಗುತ್ತದೆ. ಆ ಹದಿನಾರರಲ್ಲಿ ಒಂದು ಮೊಟ್ಟೆಯಾಗುತ್ತದೆ, ಉಳಿದ ಹದಿನೈದು ಅದಕ್ಕೆ ಉಣಿಸುವ ದಾದಿಯರಾಗುತ್ತವೆ.

ಹಾಗಾದರೆ ಉಳಿಯುವುದು ಯಾವುದು, ಹೊರಡುವುದು ಯಾವುದು? ಉಳಿಯುವ ಕೋಶದೊಳಗೇ ಏನೋ ವಿಶೇಷ ಇರಬೇಕು ಎಂದು ಯಾರಿಗಾದರೂ ತೋಚುತ್ತದೆ. ನಾನೂ ಅದನ್ನೇ ಕೇಳಿದೆ. "ಎರಡೂ ಒಂದೇ ದೊಡ್ಡಪ್ಪ. ಯಾವುದು ಪಕ್ಕದಲ್ಲಿ ಉಳೀತು ಅನ್ನೋದಷ್ಟೇ ವ್ಯತ್ಯಾಸ" ಎಂದಳು.

ಯಾವುದರ ಪಕ್ಕ? ಎಳೆಯ ತುತ್ತತುದಿಯಲ್ಲಿ ಐದರಿಂದ ಏಳು ಕೋಶಗಳ ಒಂದು ಸಣ್ಣ ಗುಂಪಿದೆ. ಟೋಪಿಯ ಹಾಗೆ ಕೂತಿರುವುದರಿಂದ ಅವಕ್ಕೆ ಕ್ಯಾಪ್ ಕೋಶ ಎಂದು ಹೆಸರು. ನಮ್ಮ ಮನೆಯಲ್ಲಿ ಅವು ಟೋಪಿ ಕೋಶಗಳಾಗಿವೆ. ಇವು ಮೊಟ್ಟೆಯಾಗುವವಲ್ಲ, ಸುತ್ತಲಿನ ಅಂಗಾಂಶಕ್ಕೆ ಸೇರಿದವು. ಆಕರಕೋಶ ಇವುಗಳಿಗೆ ಮೈ ತಾಗಿಸಿಕೊಂಡು ಕೂತಿರುತ್ತದೆ. ಒಡೆಯುವಾಗ ಟೋಪಿಗೆ ತಾಗಿದ್ದ ಅರ್ಧ ಅಲ್ಲೇ ಉಳಿಯುತ್ತದೆ, ಆಚೆ ಬದಿಯ ಅರ್ಧಕ್ಕೆ ಆ ಸ್ಪರ್ಶ ತಪ್ಪುತ್ತದೆ. ಹೀಗೆ ಆಕರಕೋಶವನ್ನು ಕಾಪಾಡುವ ಜಾಗಕ್ಕೆ ವಿಜ್ಞಾನಿಗಳು ನಿಶ್ ಅನ್ನುತ್ತಾರೆ. ಹಳೆ ಮನೆಯ ಗೋಡೆಯಲ್ಲಿ ದೀಪ ಇಡುವ ಗೂಡಿಗೂ ಇಂಗ್ಲಿಷಿನಲ್ಲಿ ಇದೇ ಪದ. ಗೂಡು ಅಂದರೆ ನಮಗೆ ಸಾಕು.

ಗೂಡಿನ ಮಾತನ್ನು ಮೊದಲು ಎತ್ತಿದವರು ರೇಮಂಡ್ ಸ್ಕೋಫೀಲ್ಡ್. 1978ರಲ್ಲಿ, ರಕ್ತದ ಆಕರಕೋಶಗಳ ಬಗ್ಗೆ ಬರೆಯುತ್ತ, ಈ ಕೋಶಗಳ ಗುಣ ಅವು ಕೂತ ಜಾಗದಿಂದ ಬಂದದ್ದಿರಬೇಕು ಎಂದರು. ಆದರೆ ಮೂಳೆಯ ಮಜ್ಜೆಯೊಳಗೆ ಆ ಜಾಗವನ್ನು ಬೆರಳಿಟ್ಟು ತೋರಿಸುವುದು ಸುಲಭವಿರಲಿಲ್ಲ. ನೊಣದ ಅಂಡಾಶಯದಲ್ಲಿ ಯಾವ ಕೋಶ ಯಾವುದರ ಪಕ್ಕ ಕೂತಿದೆ ಎಂದು ಎಣಿಸಿ ಹೇಳಬಹುದು. ಹಾಗಾಗಿ ಉತ್ತರ ಅಲ್ಲಿಂದ ಬಂತು. ಅಮೆರಿಕದ ಕಾರ್ನೆಗಿ ಸಂಸ್ಥೆಯಲ್ಲಿ ಟಿಂಗ್ ಷೀ ಮತ್ತು ಆಲನ್ ಸ್ಪ್ರಾಡ್ಲಿಂಗ್ 1998ರಲ್ಲಿ ಗೂಡಿನ ಸಂದೇಶ ಯಾವುದೆಂದು ಹಿಡಿದರು, 2000ದಲ್ಲಿ ಗೂಡನ್ನೇ ತೋರಿಸಿದರು.

ಆ ಸಂದೇಶದ ಹೆಸರು ಚಿಕ್ಕದಾಗಿ ಡಿಪಿಪಿ. ಟೋಪಿ ಕೋಶಗಳು ಹೊರಬಿಡುವ ಒಂದು ಪ್ರೋಟೀನು. ಅದು ಪಕ್ಕದ ಆಕರಕೋಶದ ಮೈಗೆ ಅಂಟಿಕೊಂಡರೆ, ಆ ಕೋಶದೊಳಗೆ ಬ್ಯಾಮ್ ಎಂಬ ಜೀನ್ ಬಾಯಿ ಮುಚ್ಚಿಕೊಳ್ಳುತ್ತದೆ. ಬ್ಯಾಮ್ ಅಂದರೆ "ಹೊರಡು, ಬಲಿ" ಎನ್ನುವ ಜೀನ್. ಅದು ಸುಮ್ಮನಿರುವಷ್ಟು ಕಾಲ ಕೋಶ ಆಕರಕೋಶವಾಗಿರುತ್ತದೆ. ಡಿಪಿಪಿಯ ಪರಿಣಾಮ ಹೆಚ್ಚುಕಡಿಮೆ ಒಂದು ಕೋಶದ ದೂರ ಮಾತ್ರ. ಒಡೆದು ಆಚೆ ಬಿದ್ದ ಮಗಳು ಕೋಶಕ್ಕೆ ಅದು ತಲುಪುವುದಿಲ್ಲ. ಬ್ಯಾಮ್ ಬಾಯಿ ತೆರೆಯುತ್ತದೆ, ಹಿಂದಕ್ಕೆ ನೋಡದೆ ಕೋಶ ಮುಂದೆ ಸಾಗುತ್ತದೆ. ಎರಡು ಬೇರೆ ಬೇರೆ ಬದುಕುಗಳ ನಡುವಿನ ಅಂತರ ಒಂದು ಕೋಶದಷ್ಟು.

ಇದನ್ನು ಕೇಳಿದಾಗಿನಿಂದ ನನ್ನ ತಲೆಯಲ್ಲಿರುವುದು 1997.

ನಾವಿಬ್ಬರು ಅಣ್ಣತಮ್ಮ. ಕೊಪ್ಪದ ಕಡೆಯ ಒಂದು ಹಳ್ಳಿ, ಎರಡೂವರೆ ಎಕರೆ ಅಡಿಕೆ ತೋಟ. ಅವನು ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಒಂದೇ ಶಾಲೆ, ಒಂದೇ ಮೇಷ್ಟ್ರು, ನಾನು ಓದಿದ ಪುಸ್ತಕವನ್ನೇ ಅವನು ಓದಿದ್ದು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಅವನಿಗೆ ನನಗಿಂತ ಎರಡು ಅಂಕ ಜಾಸ್ತಿ. ಅಪ್ಪನಿಗೆ ಪಾರ್ಶ್ವವಾಯು ಹೊಡೆದ ವಾರ ನಾನು ಹಾಸ್ಟೆಲಿನಲ್ಲಿದ್ದೆ, ಎಂಜಿನಿಯರಿಂಗ್ ಎರಡನೇ ವರ್ಷ. ಅವನು ಪಿಯುಸಿ ಪರೀಕ್ಷೆ ಬರೆದು ಮನೆಯಲ್ಲಿದ್ದ. ಅಷ್ಟೇ. ಆ ವಾರ ಯಾರು ಯಾವ ಬದಿಯಲ್ಲಿದ್ದರೋ ಮುಂದೆಯೂ ಆ ಬದಿಯಲ್ಲೇ ಉಳಿದರು. ಮಳೆಗಾಲಕ್ಕೆ ಮೊದಲು ತೋಟಕ್ಕೆ ಬೋರ್ಡೋ ಹೊಡೆಸಬೇಕಿತ್ತು, ಅವನು ಹೊಡೆಸಿದ. ಕಾಲೇಜಿನ ಅರ್ಜಿ ಕೊಡುವ ದಿನ ಕಳೆದುಹೋಯಿತು.

ಮುಂದಿನ ಇಪ್ಪತ್ತೆಂಟು ವರ್ಷಗಳಲ್ಲಿ ನೆಂಟರಿಷ್ಟರು ಇದಕ್ಕೆ ಬೇರೆ ಕತೆ ಕಟ್ಟಿದರು. "ದೊಡ್ಡವನು ಬುದ್ಧಿವಂತ, ಚಿಕ್ಕವನಿಗೆ ಮೊದಲಿಂದ ಓದು ಹತ್ತಲಿಲ್ಲ, ಅವನದ್ದು ತೋಟದ ಮನಸ್ಸು." ಮದುವೆ ಮುಂಜಿಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರಲ್ಲಿ ಕೆಡುಕಿಲ್ಲ. ಆಗಿಹೋದದ್ದಕ್ಕೆ ಒಬ್ಬೊಬ್ಬರ ಸ್ವಭಾವದಲ್ಲೇ ಕಾರಣ ಹುಡುಕುವುದು ನಮ್ಮೆಲ್ಲರ ಅಭ್ಯಾಸ. ನನ್ನ ವೃತ್ತಿಯಲ್ಲೂ ಅದೇ ನಡೆಯುತ್ತದೆ. ಹಳೇ ಸಿಸ್ಟಮ್ ಕೆಡದಂತೆ ರಾತ್ರಿಪಾಳಿಯಲ್ಲಿ ಕಾಯುವ ಹುಡುಗನಿಗೆ ವರ್ಷದ ಕೊನೆಗೆ ಸಾಧಾರಣ ರೇಟಿಂಗ್, ಅವನು ಕಾಯ್ದದ್ದರಿಂದಲೇ ಹೊಸ ಪ್ರಾಜೆಕ್ಟಿಗೆ ಹೋಗಲು ಸಾಧ್ಯವಾದವನಿಗೆ ಬಡ್ತಿ. ಮೂರು ವರ್ಷ ಕಳೆದರೆ ಮೊದಲಿನವನಿಗೆ ಮಹತ್ವಾಕಾಂಕ್ಷೆ ಇಲ್ಲ ಎಂದು ಎಲ್ಲರೂ ನಂಬಿರುತ್ತಾರೆ. ಜಾಗ ಮಾಡಿದ ಕೆಲಸವನ್ನು ಮನುಷ್ಯನ ಖಾತೆಗೆ ಬರೆಯುತ್ತೇವೆ.

ಇಲ್ಲೊಂದು ಎಚ್ಚರಿಕೆ ಬೇಕು. ಗೂಡಿನ ಕತೆ ಕೇಳಿದವರು ಬೇಗ ಒಂದು ತೀರ್ಮಾನಕ್ಕೆ ಹಾರುತ್ತಾರೆ: ಊರೇ ಗೂಡು, ಬಿಟ್ಟುಬಂದ ನಾವು ದಾರಿ ತಪ್ಪಿದವರು. ನಮ್ಮ ಸಮಾರಂಭಗಳ ಭಾಷಣಗಳಲ್ಲಿ ಇದು ಬೇರೆ ಬೇರೆ ಮಾತಿನಲ್ಲಿ ಕೇಳಿಬರುತ್ತದೆ. ನೊಣದ ಅಂಡಾಶಯ ಹಾಗೆ ಹೇಳುವುದಿಲ್ಲ. ಎಲ್ಲ ಕೋಶಗಳೂ ಗೂಡಿನಲ್ಲೇ ಉಳಿದರೆ ಒಂದು ಮೊಟ್ಟೆಯೂ ಹುಟ್ಟದು. ಡಿಪಿಪಿಯನ್ನು ಎಲ್ಲೆಂದರಲ್ಲಿ ಹರಿಯುವಂತೆ ಮಾಡಿದರೆ ಏನಾಗುತ್ತದೆ ಎಂದು ಷೀ ಮತ್ತು ಸ್ಪ್ರಾಡ್ಲಿಂಗ್ ನೋಡಿದ್ದರು. ಯಾವ ಕೋಶವೂ ಬಲಿಯಲಿಲ್ಲ. ಆಕರಕೋಶದಂಥ ಕೋಶಗಳೇ ತುಂಬಿ ಎಳೆಯ ತುದಿ ಗೆಡ್ಡೆಯಾಯಿತು. ಬ್ಯಾಮ್ ಕೆಟ್ಟರೂ ಹೀಗೆಯೇ. ಆ ಜೀನ್‌ಗೆ ಹೆಸರು ಬಂದದ್ದೂ ಅದರಿಂದ. ಬ್ಯಾಮ್ ಎಂಬುದು ಮೂರು ಇಂಗ್ಲಿಷ್ ಪದಗಳ ಸಂಕ್ಷೇಪ, ಅರ್ಥ ಗೋಲಿಚೀಲ. ಬಲಿಯಲಾರದ ಕೋಶಗಳು ಚೀಲದಲ್ಲಿ ತುಂಬಿದ ಗೋಲಿಗಳ ಹಾಗೆ ಕಾಣುತ್ತವೆ.

ಖಾರ್‌ಘರ್‌ನಲ್ಲಿ ಟಾಟಾ ಮೆಮೋರಿಯಲ್ ಸೆಂಟರಿನ ಕ್ಯಾನ್ಸರ್ ಸಂಶೋಧನಾ ಕೇಂದ್ರವಿದೆ, ಆಕ್ಟ್ರೆಕ್. ಅಲ್ಲಿಯೂ ನೊಣ ಸಾಕಿಕೊಂಡು ಆಕರಕೋಶಗಳನ್ನು ಓದುವವರಿದ್ದಾರೆ. ಕ್ಯಾನ್ಸರ್ ಆಸ್ಪತ್ರೆಯವರಿಗೆ ನೊಣದ ಗೊಡವೆ ಏಕೆ ಎಂದು ನಾನು ಕೇಳಿದ್ದುಂಟು. ಉತ್ತರ ಆ ಗೋಲಿಚೀಲದಲ್ಲಿದೆ. ಡಿಪಿಪಿಯ ಬಂಧುಗಳಾದ ಬಿಎಂಪಿ ಎಂಬ ಪ್ರೋಟೀನುಗಳು ನಮ್ಮ ದೇಹದಲ್ಲೂ ಇವೆ. ಉಳಿಯಬೇಕಾದ ಕೋಶ ಉಳಿಯುವುದು, ಹೊರಡಬೇಕಾದದ್ದು ಹೊರಡುವುದು, ಇವೆರಡರ ಲೆಕ್ಕ ತಪ್ಪಿದ ಕಡೆ ಗೆಡ್ಡೆ ಏಳಬಹುದು.

ಆದ್ದರಿಂದ ಗೂಡಿನ ಕೆಲಸ ಎರಡು. ಪಕ್ಕದವರನ್ನು ಹಿಡಿದಿಡುವುದು ಒಂದು, ತನ್ನ ದನಿ ದೂರ ಹೋಗದಂತೆ ನೋಡಿಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಸುತ್ತಲಿನ ಅಂಗಾಂಶದ ಬೇರೆ ಕೋಶಗಳೂ ಕೈಜೋಡಿಸುತ್ತವೆ. ಗೂಡು ಬಿಟ್ಟ ಕೋಶಗಳನ್ನು ಬೆಂಗಾವಲು ಕೋಶಗಳು ತಮ್ಮ ಉದ್ದನೆಯ ತೋಳುಗಳಿಂದ ಸುತ್ತಿಕೊಂಡು ಮುಂದಕ್ಕೆ ಸಾಗಿಸುತ್ತವೆ. ನನಗೆ ಬಹಳ ಹಿಡಿಸಿದ ಸಂಗತಿ ಇಲ್ಲಿದೆ. ಹೊರಟ ಕೋಶಗಳೂ ಸುಮ್ಮನಿರುವುದಿಲ್ಲ, ಬೆಂಗಾವಲು ಕೋಶಗಳಿಗೆ ತಮ್ಮದೇ ಸಂದೇಶ ಕಳಿಸುತ್ತವೆ. ಅದನ್ನು ಕೇಳಿದ ಬೆಂಗಾವಲು ಕೋಶಗಳು ಡ್ಯಾಲಿ ಎಂಬ ಪ್ರೋಟೀನನ್ನು ತಯಾರಿಸದೆ ತಡೆಯುತ್ತವೆ. ಡಿಪಿಪಿ ದೂರ ಹರಡಬೇಕಾದರೆ ಡ್ಯಾಲಿ ಬೇಕು. ಹೊರಟವರು ಹೊರಟಿದ್ದೇವೆಂದು ಹೇಳಿದರೆ ಮಾತ್ರ ಗೂಡಿನ ದನಿ ಗೂಡಿನಲ್ಲಿ ನಿಲ್ಲುತ್ತದೆ. ಮಾತು ಎರಡೂ ಕಡೆಯಿಂದ ನಡೆಯುತ್ತಿರುತ್ತದೆ.

ಮುಂಬೈಗೆ ಬಂದ ಕನ್ನಡಿಗರಿಗೆ ಬೆಂಗಾವಲು ಎಂದರೆ ಏನೆಂದು ವಿವರಿಸಬೇಕಿಲ್ಲ. ಕರಾವಳಿಯಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಊರಿದು. ಮಾಟುಂಗದ ಮೈಸೂರು ಅಸೋಸಿಯೇಷನ್, ವಡಾಲದ ಎನ್‌ಕೆಇಎಸ್ ಶಾಲೆ, ಇಂಥವು ಬಂದವರನ್ನು ಹಿಂದಕ್ಕೆ ಎಳೆಯಲಿಲ್ಲ, ಮುಂದಕ್ಕೆ ಸಾಗಿಸಿದವು. ನಾನು 2001ರಲ್ಲಿ ಇಲ್ಲಿಗೆ ಬಂದಾಗ ಡೊಂಬಿವಲಿಯಲ್ಲಿ ಮೂರು ತಿಂಗಳು ಇಟ್ಟುಕೊಂಡವರು ಅಮ್ಮನ ದೂರದ ಸಂಬಂಧಿಕರು. ಆ ಮನೆಯಲ್ಲಿ ನನಗೆ ಮೊದಲು ಕಲಿಸಿದ್ದು, ಬೆಳಗಿನ ಫಾಸ್ಟ್ ಲೋಕಲ್‌ಗೆ ಎಲ್ಲಿ ನಿಂತು ಹತ್ತಬೇಕು ಎಂಬುದನ್ನು.

ನೊಣದ ಸಂಶೋಧನೆಗೂ ಒಂದು ವಲಸೆಯ ಚರಿತ್ರೆ ಇದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಶುರುವಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಅದೇ ವರ್ಷ ಮುಂಬೈಗೆ ಬಂತು. 1962ರಲ್ಲಿ ಒಬೈದ್ ಸಿದ್ದಿಕಿ ಅಲ್ಲಿ ಅಣುಜೀವಶಾಸ್ತ್ರದ ಘಟಕ ಕಟ್ಟಿದರು. ಎಪ್ಪತ್ತರ ದಶಕದಲ್ಲಿ ಅವರು ಹಣ್ಣುನೊಣದ ಕಡೆ ತಿರುಗಿದರು. ಅವರ ಶಿಷ್ಯೆ ವೆರೋನಿಕಾ ರಾಡ್ರಿಗಸ್ ಕೊಲಾಬಾದಲ್ಲಿ ಕೂತು ನೊಣ ವಾಸನೆಯನ್ನು ಹೇಗೆ ತಿಳಿಯುತ್ತದೆ ಎಂದು ಓದಿದರು. ತೊಂಬತ್ತರ ದಶಕದಲ್ಲಿ ಸಿದ್ದಿಕಿಯವರು ಬೆಂಗಳೂರಿನಲ್ಲಿ ಎನ್‌ಸಿಬಿಎಸ್ ಕಟ್ಟಿದರು, ನೊಣದ ಕೆಲಸವೂ ಅತ್ತ ಹೋಗಿ ಬೆಳೆಯಿತು. ಕೊಲಾಬಾದಲ್ಲಿ ಇವತ್ತಿಗೂ ನೊಣಗಳಿವೆ. ಒಡೆದ ಎರಡೂ ಬದುಕಿದವು.

ತಮ್ಮನಿಗೆ ಮಗಳು ಇದೆಲ್ಲವನ್ನೂ ಹೇಳಿದ್ದಾಳೆ. ಕಳೆದ ಯುಗಾದಿಗೆ ಊರಿಗೆ ಹೋದಾಗ, ತೋಟದಿಂದ ಬಂದು ಕಾಲು ತೊಳೆದು ಜಗಲಿಯಲ್ಲಿ ಕೂತವನಿಗೆ ಲ್ಯಾಪ್‌ಟಾಪಿನಲ್ಲಿ ಚಿತ್ರ ತೋರಿಸಿದಳಂತೆ. ಹಸಿರು ಹೊಳಪಿನ ಟೋಪಿ, ಅದರ ಪಕ್ಕ ಎರಡು ಗುಂಡನೆಯ ಕೋಶ. ಅವನು ಪೂರ್ತಿ ಕೇಳಿಸಿಕೊಂಡು, "ಅಂತೂ ಟೋಪಿ ಹಾಕಿಸಿಕೊಂಡವನು ನಾನು ಅಂತಾಯ್ತು" ಎಂದು ನಕ್ಕನಂತೆ. ಅವಳು ಇಲ್ಲಿ ಬಂದು ಹೇಳಿದಾಗ ನಾವೆಲ್ಲ ನಕ್ಕೆವು. ರಾತ್ರಿ ಮಲಗಿದ ಮೇಲೆ ನನಗೆ ನಗು ಬರಲಿಲ್ಲ.

ಅವನ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ, ಅರ್ಧ ಉತ್ತರವಿದೆ. ಆಕರಕೋಶವನ್ನು ಗೂಡಿಗೆ ಕಟ್ಟಿಹಾಕುವುದು ಇ-ಕ್ಯಾಡ್‌ಹೆರಿನ್ ಎಂಬ ಅಂಟು. ಅದು ಟೋಪಿ ಕೋಶದ ಮೈಮೇಲೂ ಇರುತ್ತದೆ, ಆಕರಕೋಶದ ಮೈಮೇಲೂ ಇರುತ್ತದೆ. ಎರಡು ಕೈ ಸೇರಿದಾಗಲೇ ಹಿಡಿತ. ಆಕರಕೋಶದ ಕಡೆಯ ಅಂಟನ್ನು ತೆಗೆದರೆ, ಗೂಡು ಎಷ್ಟೇ ಗಟ್ಟಿಯಿರಲಿ, ಕೋಶ ಜಾರಿಹೋಗುತ್ತದೆ. ತಮ್ಮನನ್ನು ಜಾಗ ಹಿಡಿದಿಟ್ಟಿತು ಎಂದಷ್ಟೇ ಹೇಳಿದರೆ ಅವನು ಹಿಡಿದುಕೊಂಡದ್ದು ಲೆಕ್ಕಕ್ಕೆ ಬರುವುದಿಲ್ಲ. ಹನ್ನೊಂದು ವರ್ಷ ಅಪ್ಪನನ್ನು ಎತ್ತಿ ಕೂರಿಸಿದವನು ಅವನು. ಕೋಶಕ್ಕೆ ಮನಸ್ಸಿಲ್ಲ, ಅವನಿಗಿತ್ತು. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ.

ಗೂಡೂ ಶಾಶ್ವತವಲ್ಲ. ನಾಲ್ಕೈದು ವಾರಗಳಲ್ಲಿ ಆಕರಕೋಶಗಳಲ್ಲಿ ಅರ್ಧದಷ್ಟು ತಾವಾಗಿಯೇ ಜಾಗ ಬಿಡುತ್ತವೆ. ನೊಣಕ್ಕೆ ವಯಸ್ಸಾದಂತೆ ಟೋಪಿ ಕೋಶಗಳ ಸಂದೇಶ ಕುಗ್ಗುತ್ತದೆ, ಅಂಟು ಸಡಿಲವಾಗುತ್ತದೆ. ತಿನ್ನುವುದಕ್ಕೂ ಇದಕ್ಕೂ ಸಂಬಂಧವಿದೆ. ಯೀಸ್ಟ್ ಧಾರಾಳವಾಗಿ ಸಿಕ್ಕ ನೊಣಕ್ಕೂ ಸಿಗದ ನೊಣಕ್ಕೂ ಮೊಟ್ಟೆಯಲ್ಲಿ ಅರುವತ್ತು ಪಟ್ಟಿನ ವ್ಯತ್ಯಾಸ 2001ರಲ್ಲೇ ಕಂಡಿತ್ತು. ಹೊಟ್ಟೆ ತುಂಬಿದ ಸುದ್ದಿಯನ್ನು ಇನ್ಸುಲಿನ್‌ನಂಥ ಪ್ರೋಟೀನುಗಳು ಮೆದುಳಿನಿಂದ ಅಂಡಾಶಯಕ್ಕೆ ಮುಟ್ಟಿಸುತ್ತವೆ. ಅದು ಬರದಿದ್ದರೆ ಟೋಪಿ ಕೋಶಗಳೇ ಕಡಿಮೆಯಾಗುತ್ತವೆ. ಗೂಡನ್ನು ನೋಡಿಕೊಳ್ಳುವ ಹೊಣೆ ದೇಹದ ದೂರದ ಮೂಲೆಗೂ ಇದೆ.

ಜಾಗ ಖಾಲಿಯಾದರೆ? ಪಕ್ಕದ ಇನ್ನೊಂದು ಆಕರಕೋಶ ಅಡ್ಡಡ್ಡಲಾಗಿ ಒಡೆದು, ಎರಡೂ ಮಕ್ಕಳನ್ನು ಗೂಡಿನಲ್ಲೇ ಉಳಿಸಿ ತುಂಬಿಕೊಡುತ್ತದೆ. ಪಕ್ಕದಲ್ಲೂ ಯಾರೂ ಇಲ್ಲದಿದ್ದರೆ? ತೊಶೀ ಕಾಯ್ ಮತ್ತು ಸ್ಪ್ರಾಡ್ಲಿಂಗ್ 2004ರಲ್ಲಿ ಪ್ರಕಟಿಸಿದ್ದು ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಹೊರಟುಹೋಗಿ ನಾಲ್ಕು, ಎಂಟು ಕೋಶಗಳ ಗುಂಪಾಗಿದ್ದವು ಬಿಡಿಬಿಡಿಯಾಗಿ ಹಿಂದಕ್ಕೆ ಬಂದು, ಗೂಡಿನಲ್ಲಿ ಕೂತು, ಮತ್ತೆ ಆಕರಕೋಶಗಳಾದವು. ಬರಿ ಕೂತದ್ದಲ್ಲ, ಕೆಲಸ ಮಾಡಿದವು, ಮೊಟ್ಟೆ ಕೊಟ್ಟವು. "ಹದಿನಾರರ ಗುಂಪಾದ ಮೇಲೂ ಬರಬಹುದೇ?" ಎಂದು ಕೇಳಿದೆ. "ದೊಡ್ಡಪ್ಪ, ನೀವು ನಿಮ್ಮ ವಿಷಯ ಕೇಳ್ತಿದ್ದೀರಿ" ಎಂದಳು.

ಕೇಳುತ್ತಿದ್ದದ್ದು ಹೌದು. ತಮ್ಮನಿಗೆ ಈಗ ನಲವತ್ತಾರು, ಎಡ ಮಂಡಿ ತೋಟದ ಇಳಿಜಾರಿಗೆ ಒಪ್ಪುತ್ತಿಲ್ಲ. ಡಾಕ್ಟರು ಶಸ್ತ್ರಚಿಕಿತ್ಸೆ ಆಗಲೇಬೇಕು, ಆಮೇಲೆ ಮೂರು ತಿಂಗಳು ತೋಟಕ್ಕೆ ಇಳಿಯಬೇಡ ಎಂದಿದ್ದಾರೆ. ಮಗಳು ಪಿಎಚ್‌ಡಿಗೆ ಅರ್ಜಿ ಹಾಕಿದ್ದಾಳೆ, ಅವಳು ಹೋಗಬೇಕಾದವಳು. ಅಮ್ಮನಿಗೆ ಎಪ್ಪತ್ತಾರು. ನನಗೆ ಆಫೀಸಿನಿಂದ ಮೂರು ತಿಂಗಳು ಊರಿಂದಲೇ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿದೆ. ಕೊನೆಕೊಯ್ಲು ಶುರುವಾಗುವ ಹೊತ್ತಿಗೆ ನಾನು ಅಲ್ಲಿ, ಅವನು ಚಿಕಿತ್ಸೆಗೆ ಇಲ್ಲಿ.

ಪ್ರಾಜೆಕ್ಟ್ ಮ್ಯಾನೇಜರ್ ಬುದ್ಧಿ ಎಲ್ಲಿ ಹೋಗುತ್ತದೆ? ಹಸ್ತಾಂತರಕ್ಕೆ ಒಂದು ಎಕ್ಸೆಲ್ ಶೀಟ್ ಮಾಡಿದೆ. ಕೊನೆಗಾರನ ಫೋನ್ ನಂಬರು, ಸೊಸೈಟಿಯ ಸಾಲದ ಕಂತು, ಸುಲಿಯುವವರ ಕೂಲಿ, ಪಂಪಿನ ಸ್ಟಾರ್ಟರ್ ಕೈಕೊಟ್ಟರೆ ಏನು ಮಾಡಬೇಕು, ಅಮ್ಮನ ಮಾತ್ರೆ. ನಾಲ್ಕು ಭಾನುವಾರ ಫೋನಿನಲ್ಲಿ ಅವನು ಹೇಳಿದ, ನಾನು ತುಂಬಿದೆ. ಅಡಿಕೆ ಎಷ್ಟು ಹೊತ್ತು ಬೇಯಬೇಕು ಎಂಬ ಸಾಲಿಗೆ ಬಂದಾಗ ಅವನು ನಿಂತ. ಗಂಟೆಯಲ್ಲಿ ಹೇಳಪ್ಪ ಎಂದೆ. "ಅದನ್ನ ಹೆಂಗೆ ಬರೆಸಲಿ ಅಣ್ಣಯ್ಯ? ಹಂಡೆ ಪಕ್ಕ ನಿಂತ್ರೆ ಗೊತ್ತಾಗ್ತದೆ" ಎಂದ.

ಮತ್ಸ್ಯಗಂಧಕ್ಕೆ ಎರಡು ಟಿಕೆಟ್ ಮಾಡಿಸಿದ್ದೇನೆ. ನಾನು ಉಡುಪಿಗೆ ಹೋಗುವುದು ನವೆಂಬರ್ ಮೊದಲ ವಾರ, ಅವನು ಅಲ್ಲಿಂದ ಹೊರಡುವುದು ಮೂರನೇ ವಾರ. ನಡುವೆ ಹದಿನೈದು ದಿನ ಇಬ್ಬರೂ ಅಲ್ಲೇ ಇರುತ್ತೇವೆ.